ಊಟದ ಸುದ್ದಿ ಕರುಳಿಗೆ ಮೊದಲು

(ಚಿಕ್ಕಮಗಳೂರಿನಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದು. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜ್ವರ ಬಂದು ಸುಸ್ತಾದವರು ಆಸ್ಪತ್ರೆಗೆ ಹೋದರೆ ನಮ್ಮ ಕಡೆ ಮೊದಲು ಕೇಳುವುದು ಏನು? "ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ." ಮೂಡಿಗೆರೆಯಿಂದ ಕಡೂರಿನವರೆಗೆ ಎಲ್ಲಿಗೆ ಹೋದರೂ ಇದೇ ಮಾತು. ಐದು ಪರ್ಸೆಂಟಿನ ಆ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅಷ್ಟನ್ನೇ ಒಂದು ಲೋಟ ನೀರಿಗೆ ಕದಡಿ ಕುಡಿಯಲೂಬಹುದು. ಪದಾರ್ಥವೂ ಅದೇ, ತೂಕವೂ ಅದೇ. ಆದರೆ ನಮ್ಮ ಮೈ ಈ ಎರಡನ್ನು ಒಂದೇ ಎಂದು ಲೆಕ್ಕ ಹಾಕುವುದಿಲ್ಲ. ರಕ್ತದ ಸಕ್ಕರೆ ಎರಡು ಸಲವೂ ಒಂದೇ ಮಟ್ಟಕ್ಕೆ ಏರುವಂತೆ ನೋಡಿಕೊಂಡರೂ, ಕುಡಿದಾಗ ಹೊರಬರುವ ಇನ್ಸುಲಿನ್, ಡ್ರಿಪ್ ಹಾಕಿದಾಗ ಬರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು.

ಯಾಕೆ ಹೀಗೆ? ಇನ್ಸುಲಿನ್ ಮಾಡುವ ಜೀವಕೋಶಕ್ಕೆ ಮುಟ್ಟುವುದು ರಕ್ತ. ರಕ್ತದಲ್ಲಿ ಸಕ್ಕರೆ ಅಷ್ಟೇ ಇದ್ದ ಮೇಲೆ, ಈ ಸಕ್ಕರೆ ಬಾಯಿಂದ ಬಂದದ್ದು, ಆ ಸಕ್ಕರೆ ಸೂಜಿಯಿಂದ ಬಂದದ್ದು ಎಂದು ಅದಕ್ಕೆ ಹೇಳಿದವರು ಯಾರು? ಹೇಳಿದ್ದು ಕರುಳು. ಇವತ್ತಿನ ನನ್ನ ಮಾತೆಲ್ಲ ಇದರ ಮೇಲೆಯೇ. ಸಕ್ಕರೆ ಕಾಯಿಲೆ ಎಂದ ಕೂಡಲೇ ನಾವು ರಕ್ತ, ಮೂತ್ರ, ಇನ್ಸುಲಿನ್ ಎನ್ನುತ್ತೇವೆ. ಕರುಳನ್ನು ಯಾರೂ ನೆನೆಯುವುದಿಲ್ಲ. ಈಗ ಹತ್ತು ಹದಿನೈದು ವರ್ಷಗಳಿಂದ ನಿಮ್ಮಲ್ಲಿ ಅನೇಕರು ನುಂಗುತ್ತಿರುವ ಮಾತ್ರೆಗಳು, ಪೇಪರಿನಲ್ಲಿ ಓದುತ್ತಿರುವ "ತೂಕ ಇಳಿಸುವ ಇಂಜೆಕ್ಷನ್" ಎಲ್ಲವೂ ಹುಟ್ಟಿದ್ದು ಕರುಳಿನಿಂದಲೇ.

ಮೊದಲು ಮೇದೋಜೀರಕ ಗ್ರಂಥಿ ಅಂದರೆ ಏನು ಎಂದು ನೋಡೋಣ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ಯಾಂಕ್ರಿಯಾಸ್ ಎಂದು ಓದಿರುತ್ತೀರಿ. ಜಠರದ ಹಿಂದೆ ಅಡ್ಡಡ್ಡ ಮಲಗಿರುವ ಗ್ರಂಥಿ. ಇದು ಎರಡು ಕೆಲಸ ಮಾಡುತ್ತದೆ. ಅನ್ನ, ಬೇಳೆ, ಎಣ್ಣೆ ಕರಗಿಸುವ ರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ಬಿಡುವುದು ಒಂದು. ಹಾರ್ಮೋನುಗಳನ್ನು ನೇರ ರಕ್ತಕ್ಕೆ ಬಿಡುವುದು ಇನ್ನೊಂದು. ಹಾರ್ಮೋನಿನ ಕೆಲಸ ಮಾಡುವ ಭಾಗ ಗ್ರಂಥಿಯ ಒಂದೆರಡು ಪರ್ಸೆಂಟು ಮಾತ್ರ. ಅಲ್ಲಲ್ಲಿ ಚದುರಿದ ಜೀವಕೋಶಗಳ ಸಣ್ಣ ಸಣ್ಣ ಗುಂಪುಗಳು ಅವು. 1869ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಇವನ್ನು ಮೈಕ್ರೋಸ್ಕೋಪಿನಲ್ಲಿ ಕಂಡು ಬರೆದಿಟ್ಟ. ಇವು ಏನು ಮಾಡುತ್ತವೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಈ ಗುಂಪುಗಳಲ್ಲಿ ಬೀಟಾ ಕೋಶಗಳಿಂದ ಇನ್ಸುಲಿನ್ ಬರುತ್ತದೆ, ಸಕ್ಕರೆ ಇಳಿಸುತ್ತದೆ. ಆಲ್ಫಾ ಕೋಶಗಳಿಂದ ಗ್ಲುಕಗಾನ್ ಬರುತ್ತದೆ. ಅದು ಲಿವರಿಗೆ ಹೇಳಿ, ಅಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ತರಿಸುತ್ತದೆ. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಎದ್ದು ತೋಟ ಸುತ್ತುವಷ್ಟು ಶಕ್ತಿ ಉಳಿದಿರುವುದು ಈ ಗ್ಲುಕಗಾನಿನ ದಯೆ. ಅದನ್ನು ಬರೀ ಖಳನಾಯಕ ಎಂದು ನೋಡಬೇಡಿ.

ಕರುಳಿಗೂ ಈ ಗ್ರಂಥಿಗೂ ಮಾತುಕತೆ ಇದೆ ಎಂದು ಗೊತ್ತಾದದ್ದು 1902ರಲ್ಲಿ, ಲಂಡನ್ನಿನಲ್ಲಿ. ಆಗ ಜೀರ್ಣಕ್ರಿಯೆಯ ವಿಷಯದಲ್ಲಿ ರಷ್ಯಾದ ವಿಜ್ಞಾನಿ ಪಾವ್ಲೋವ್ ಹೇಳಿದ್ದೇ ಕೊನೆಯ ಮಾತು: ಜೀರ್ಣರಸ ಸುರಿಯುವುದೆಲ್ಲ ನರಗಳ ಅಪ್ಪಣೆಯಿಂದ. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಇದನ್ನು ಪರೀಕ್ಷೆ ಮಾಡಲು ಹೊರಟರು. ಇಬ್ಬರೂ ನೆಂಟಸ್ತಿಕೆಯಲ್ಲಿ ಭಾವ ಮೈದುನ, ಸ್ಟಾರ್ಲಿಂಗನ ತಂಗಿಯನ್ನು ಬೇಲಿಸ್‌ಗೆ ಕೊಟ್ಟಿತ್ತು. ನಾಯಿಯೊಂದರ ಸಣ್ಣ ಕರುಳಿನ ಒಂದು ತುಂಡಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ, ಆ ತುಂಡಿನೊಳಗೆ ಆಮ್ಲ ಹಾಕಿದರು. ಪಾವ್ಲೋವ್ ಹೇಳಿದ್ದು ಸರಿಯಾದರೆ ಏನೂ ಆಗಬಾರದು. ಆದರೆ ಮೇದೋಜೀರಕದಿಂದ ರಸ ತೊಟ್ಟಿಕ್ಕತೊಡಗಿತು. ಆಗ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲದ ಜೊತೆ ಅರೆದು, ಸೋಸಿ, ಆ ನೀರನ್ನು ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ಕರುಳಿನಿಂದ ಯಾವುದೋ ರಾಸಾಯನಿಕ ರಕ್ತದಲ್ಲೇ ಸಾಗಿ ಹೋಗಿ ಗ್ರಂಥಿಯನ್ನು ಎಬ್ಬಿಸುತ್ತಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನ್ ಎಂಬ ಶಬ್ದವನ್ನೇ ಸ್ಟಾರ್ಲಿಂಗ್ ಬಳಕೆಗೆ ತಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ.

ಪಾವ್ಲೋವ್ ತನ್ನ ಪ್ರಯೋಗಶಾಲೆಯಲ್ಲೇ ಇದನ್ನು ಮಾಡಿಸಿ ನೋಡಿದನಂತೆ. ನೋಡಿ, ಏನೂ ಮಾತಾಡದೆ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಅವರು ಹೇಳಿದ್ದೇ ಸರಿ, ಸತ್ಯವನ್ನು ಕಂಡುಹಿಡಿಯುವ ಗುತ್ತಿಗೆ ನಾವೊಬ್ಬರೇ ಹಿಡಿದಿಲ್ಲವಲ್ಲ ಎಂಬ ಅರ್ಥದ ಮಾತು ಹೇಳಿದನೆಂದು ಅವನ ಶಿಷ್ಯ ಬಾಬ್ಕಿನ್ ಬರೆದಿದ್ದಾನೆ. ಇಷ್ಟು ದೊಡ್ಡ ಮನಸ್ಸು ವಿಜ್ಞಾನಿಗಳಲ್ಲಿ ಸಿಗುವುದು ಕಡಿಮೆ, ಅದಕ್ಕೇ ಈ ಪ್ರಸಂಗ ಬಿಡಲಿಕ್ಕೆ ಮನಸ್ಸು ಬರಲಿಲ್ಲ.

ಸೆಕ್ರೆಟಿನ್ ಎಬ್ಬಿಸಿದ್ದು ಜೀರ್ಣರಸವನ್ನು. ಹಾಗಾದರೆ ಹಾರ್ಮೋನಿನ ಭಾಗವನ್ನೂ ಕರುಳು ಹೀಗೇ ಎಬ್ಬಿಸಬಹುದಲ್ಲ ಎಂಬ ಯೋಚನೆ ತಡವಿಲ್ಲದೆ ಬಂತು. 1906ರಲ್ಲಿ ಲಿವರ್‌ಪೂಲ್‌ನ ಮೂರ್ ಮತ್ತು ಸಂಗಡಿಗರು ಕರುಳಿನ ಒಳಪದರದ ಸಾರವನ್ನು ಸಕ್ಕರೆ ಕಾಯಿಲೆಯವರಿಗೆ ಕುಡಿಸಿ ನೋಡಿದರು. ಇನ್ಸುಲಿನ್ ಸಿಕ್ಕಿದ್ದೇ 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅದಕ್ಕಿಂತ ಹದಿನೈದು ವರ್ಷ ಮುಂಚಿನ ಮಾತು ಇದು. ಫಲ ಒಬ್ಬರಿಗೆ ಕಂಡಂತೆ ಇನ್ನೊಬ್ಬರಿಗೆ ಕಾಣಲಿಲ್ಲ. 1930ರ ಸುಮಾರಿಗೆ ಬೆಲ್ಜಿಯಂನ ಲಾ ಬಾರ್ ಎಂಬಾತ ಕರುಳಿನ ಇಂಥ ಪದಾರ್ಥಕ್ಕೆ ಇನ್‌ಕ್ರೆಟಿನ್ ಎಂದು ಹೆಸರು ಕೊಟ್ಟ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಒಂದು ತಂಡ ನಾಯಿಗಳ ಮೇಲೆ ಪ್ರಯೋಗ ಮಾಡಿ, ಅಂಥದ್ದು ಇರುವ ಲಕ್ಷಣ ಕಾಣುವುದಿಲ್ಲ ಎಂದು ಬರೆಯಿತು. ಅಲ್ಲಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಷಯ ಮೂಲೆ ಸೇರಿತು. ಅವರನ್ನು ಬೈಯಲಾಗದು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯುವ ದಾರಿಯೇ ಆಗ ಇರಲಿಲ್ಲ. ಸಕ್ಕರೆ ಇಳಿಯಿತೋ ಇಲ್ಲವೋ ಎಂದು ನೋಡಿ ಊಹೆ ಮಾಡಬೇಕಾಗಿತ್ತು.

ಅಳೆಯುವ ದಾರಿ ತೋರಿಸಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ರಕ್ತದಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನು ವಿಕಿರಣದ ಗುರುತು ಹಚ್ಚಿ ಅಳೆಯುವ ರೇಡಿಯೋಇಮ್ಯುನೋಅಸ್ಸೇ ಅವರದು. ಇದಕ್ಕಾಗಿ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಬರ್ಸನ್ ತೀರಿಕೊಂಡಿದ್ದರು. ಈ ಅಳತೆ ಕೈಗೆ ಬಂದ ಮೇಲೆ, 1964ರಲ್ಲಿ, ಲಂಡನ್ನಿನ ತಂಡವೊಂದು ಗ್ಲೂಕೋಸನ್ನು ಒಮ್ಮೆ ಕರುಳಿಗೆ ಬಿಟ್ಟು, ಒಮ್ಮೆ ರಕ್ತಕ್ಕೆ ಬಿಟ್ಟು ಇನ್ಸುಲಿನ್ ಅಳೆಯಿತು. ಕರುಳಿಗೆ ಬಿಟ್ಟಾಗಲೇ ಹೆಚ್ಚು. 1967ರಲ್ಲಿ ಪರ್ಲಿ ಮತ್ತು ಕಿಪ್ನಿಸ್ ಎಂಬಿಬ್ಬರು, ರಕ್ತದ ಸಕ್ಕರೆಯ ಏರಿಳಿತ ಎರಡು ಸಲವೂ ಒಂದೇ ಆಗಿರುವಂತೆ ಡ್ರಿಪ್ಪನ್ನು ಹೆಚ್ಚು ಕಡಿಮೆ ಮಾಡುತ್ತಾ ಈ ಲೆಕ್ಕವನ್ನು ಗಟ್ಟಿ ಮಾಡಿದರು. ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದ ಮೇಲೆ ಬರುವ ಇನ್ಸುಲಿನ್ನಿನ ಅರ್ಧದಿಂದ ಮೂರನೇ ಎರಡರಷ್ಟು ಕರುಳಿನ ಪ್ರೇರಣೆಯದೇ ಎಂಬುದು ಈಗ ಪಠ್ಯಪುಸ್ತಕದ ಮಾತು.

ಈ ಕೆಲಸ ಮಾಡುವ ಹಾರ್ಮೋನುಗಳು ಮುಖ್ಯವಾಗಿ ಎರಡು. ಒಂದು ಜಿಐಪಿ. ಸಣ್ಣ ಕರುಳಿನ ಮೊದಲ ಭಾಗದಲ್ಲಿರುವ ಕೆ ಕೋಶಗಳಿಂದ ಬರುತ್ತದೆ, 42 ಅಮೈನೋ ಆಮ್ಲಗಳ ಸರ. ಕೆನಡಾದ ಜಾನ್ ಬ್ರೌನ್ ಇದನ್ನು ಬೇರ್ಪಡಿಸಿದಾಗ ಜಠರದ ಆಮ್ಲ ಕಡಿಮೆ ಮಾಡುವುದೇ ಇದರ ಕೆಲಸ ಎಂದುಕೊಂಡಿದ್ದರು. ಇನ್ಸುಲಿನ್ ಹೆಚ್ಚಿಸುತ್ತದೆ ಎಂದು ತಿಳಿದದ್ದು 1973ರಲ್ಲಿ. ಇನ್ನೊಂದು ಜಿಎಲ್‌ಪಿ-1. ಇದನ್ನು ಮಾಡುವ ಎಲ್ ಕೋಶಗಳು ಕರುಳಿನ ಕೆಳಕ್ಕೆ ಹೋದಷ್ಟೂ ಹೆಚ್ಚು. ಇದು 30 ಅಮೈನೋ ಆಮ್ಲಗಳದು.

ಈ ಜಿಎಲ್‌ಪಿ-1ರ ಹುಟ್ಟು ನನಗೆ ಪಾಠ ಮಾಡುವಾಗಲೆಲ್ಲ ಹೊಸದಾಗಿ ಬೆರಗು ತರುತ್ತಿತ್ತು. 1980ರ ದಶಕದ ಆರಂಭದಲ್ಲಿ ಗ್ಲುಕಗಾನಿನ ಜೀನ್ ಓದಿದಾಗ, ಆ ಜೀನಿನಿಂದ ಬರುವುದು ಒಂದು ಉದ್ದದ ಪ್ರೋಟೀನು ಎಂದು ತಿಳಿಯಿತು. ಆಲ್ಫಾ ಕೋಶದಲ್ಲಿ ಅದನ್ನು ಒಂದು ಕಿಣ್ವ ತುಂಡರಿಸಿದಾಗ ಗ್ಲುಕಗಾನ್ ಸಿಗುತ್ತದೆ. ಅದೇ ಪ್ರೋಟೀನನ್ನು ಕರುಳಿನ ಎಲ್ ಕೋಶದಲ್ಲಿ ಇನ್ನೊಂದು ಕಿಣ್ವ ಬೇರೆ ಜಾಗದಲ್ಲಿ ತುಂಡರಿಸುತ್ತದೆ, ಸಿಗುವುದು ಜಿಎಲ್‌ಪಿ-1. ಸಕ್ಕರೆ ಏರಿಸುವುದೂ ಇಳಿಸುವುದೂ ಒಂದೇ ತಾಯಿಯ ಮಕ್ಕಳು! ಬಾಸ್ಟನ್ನಿನಲ್ಲಿ ಹಬೆನರ್, ಮೋಯ್ಸೊವ್, ಡ್ರಕ್ಕರ್, ಡೆನ್ಮಾರ್ಕಿನಲ್ಲಿ ಹೋಲ್ಸ್ಟ್ ಇದರ ಸಕ್ರಿಯ ರೂಪ ಯಾವುದು, ಅದು ಏನು ಮಾಡುತ್ತದೆ ಎಂದು ತೋರಿಸಿದ್ದು 1987ರ ಸುಮಾರಿಗೆ. ಸ್ವೆಟ್ಲಾನಾ ಮೋಯ್ಸೊವ್ ಹೆಸರು ಮಾತ್ರ ಬಹಳ ಕಾಲ ಬಹುಮಾನದ ಪಟ್ಟಿಗಳಲ್ಲಿ ಇರಲಿಲ್ಲ. 2024ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್‌ನಲ್ಲಿ ಅವರ ಹೆಸರೂ ಬಂತು. ತಡವಾಯಿತು.

ಈಗ ಇವು ಬೀಟಾ ಕೋಶದಲ್ಲಿ ಏನು ಮಾಡುತ್ತವೆ ನೋಡಿ. ಇದೊಂದು ಕಡೆ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಔಷಧಿಯ ಗುಟ್ಟೆಲ್ಲ ಇಲ್ಲಿದೆ. ಗ್ಲೂಕೋಸ್ ಕೋಶದೊಳಗೆ ಹೋಗಿ ಉರಿದು ಎಟಿಪಿ ಎಂಬ, ಕೋಶಕ್ಕೆ ಶಕ್ತಿ ಕೊಡುವ ಪದಾರ್ಥ ಹುಟ್ಟುತ್ತದೆ. ಎಟಿಪಿ ಹೆಚ್ಚಾದಾಗ ಕೋಶದ ಗೋಡೆಯ ಪೊಟ್ಯಾಸಿಯಂ ದಾರಿ ಮುಚ್ಚುತ್ತದೆ, ಕ್ಯಾಲ್ಸಿಯಂ ದಾರಿ ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗಿದಾಗ ಇನ್ಸುಲಿನ್ ಹೊರಗೆ ಬೀಳುತ್ತದೆ. ಶುರು ಮಾಡುವುದು ಗ್ಲೂಕೋಸೇ. ಕರುಳಿನ ಹಾರ್ಮೋನು ಬಂದು ಕೋಶದ ಮೇಲೆ ಕೂತು, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಪದಾರ್ಥವನ್ನು ಹೆಚ್ಚಿಸಿ, ಶುರುವಾದ ಕೆಲಸಕ್ಕೆ ಬಲ ಕೊಡುತ್ತದೆ. ಗ್ಲೂಕೋಸ್ ಏರದೆ ಇದು ಬಂದರೆ ಹೆಚ್ಚೇನೂ ನಡೆಯುವುದಿಲ್ಲ. ಕೀ ತಿರುಗಿಸದೆ ಆಕ್ಸಿಲರೇಟರ್ ಎಷ್ಟು ತುಳಿದರೂ ಜೀಪು ಮುಂದೆ ಹೋಗುತ್ತದೆಯೇ?

ಹಳೆಯ ಮಾತ್ರೆಗಳ ಕಥೆ ಹೀಗಲ್ಲ. ಗ್ಲಿಮೆಪಿರೈಡ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದು ಗ್ಲೂಕೋಸ್ ಇರಲಿ ಬಿಡಲಿ, ಆ ಪೊಟ್ಯಾಸಿಯಂ ದಾರಿಯನ್ನು ತಾನೇ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ತಿಂಡಿ ತಪ್ಪಿಸಿದವರು ಹತ್ತು ಗಂಟೆ ಹೊತ್ತಿಗೆ ಬೆವೆತು, ಕೈ ನಡುಗಿ, ಕಣ್ಣು ಕತ್ತಲೆ ಬಂದು ಕೂತುಬಿಡುವುದು ಇದರಿಂದ. ಅಗ್ಗದ, ಪ್ರಯೋಜನದ ಮಾತ್ರೆ ಅದು, ಬೇಡವೆನ್ನುತ್ತಿಲ್ಲ. ಆದರೆ ಊಟ ತಪ್ಪಿಸುವಂತಿಲ್ಲ.

ಜಿಎಲ್‌ಪಿ-1 ಇನ್ನೂ ಮೂರು ಕೆಲಸ ಮಾಡುತ್ತದೆ. ಸಕ್ಕರೆ ಹೆಚ್ಚಿರುವಾಗ ಗ್ಲುಕಗಾನನ್ನು ತಗ್ಗಿಸುತ್ತದೆ. ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ. ಮೆದುಳಿಗೆ ಹೊಟ್ಟೆ ತುಂಬಿತು ಎನ್ನಿಸುತ್ತದೆ. ಜಿಐಪಿ ಹಾಗಲ್ಲ, ಸಕ್ಕರೆ ಕಡಿಮೆ ಇರುವಾಗ ಅದು ಗ್ಲುಕಗಾನನ್ನು ಹೆಚ್ಚಿಸುವುದೂ ಉಂಟು. ಇಷ್ಟೆಲ್ಲ ಮಾಡುವ ಜಿಎಲ್‌ಪಿ-1 ರಕ್ತದಲ್ಲಿ ಬದುಕಿರುವುದು ಒಂದೆರಡು ನಿಮಿಷ ಮಾತ್ರ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕರುಳಿನ ರಕ್ತನಾಳಗಳಲ್ಲೇ ಕತ್ತರಿಸಲು ಶುರುಮಾಡುತ್ತದೆ. ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕೆಡದೆ ಮೈಯ ರಕ್ತಕ್ಕೆ ಮುಟ್ಟುತ್ತದೆ. ಹಾಗಾಗಿ ಅದು ರಕ್ತದ ದಾರಿಯನ್ನಷ್ಟೇ ನಂಬದೆ, ಕರುಳಿಗೂ ಮೆದುಳಿಗೂ ನಡುವಿನ ವೇಗಸ್ ನರದ ಹತ್ತಿರದ ತುದಿಗಳ ಮೂಲಕವೂ ಕೆಲಸ ಮಾಡುತ್ತಿರಬೇಕು ಎಂದು ಸಂಶೋಧಕರ ಅಭಿಪ್ರಾಯ. ಪಾವ್ಲೋವನ ನರಗಳು ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದವು ಅನ್ನಿ.

ಸಕ್ಕರೆ ಕಾಯಿಲೆ ಬಂದವರಲ್ಲಿ ಏನಾಗುತ್ತದೆ? 1986ರಲ್ಲಿ ಜರ್ಮನಿಯ ಮೈಕೆಲ್ ನಾಕ್ ತಂಡ ತೋರಿಸಿದ್ದು ಇದು: ಟೈಪ್ 2, ಅಂದರೆ ಹೆಚ್ಚಿನವರಿಗೆ ಬರುವ ಬಗೆಯ ಸಕ್ಕರೆ ಕಾಯಿಲೆ ಇರುವವರಲ್ಲಿ, ಕುಡಿದರೂ ಏರಿಸಿದರೂ ಇನ್ಸುಲಿನ್ನಿನಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕರುಳಿನ ಮಾತನ್ನು ಬೀಟಾ ಕೋಶ ಕೇಳುತ್ತಿಲ್ಲ ಎಂದರ್ಥ. ಜಿಐಪಿಯನ್ನು ಹೊರಗಿನಿಂದ ಕೊಟ್ಟರೂ ಕೇಳುವುದಿಲ್ಲ. ಜಿಎಲ್‌ಪಿ-1ನ್ನು ಸಹಜಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಮಾತ್ರ ಕೇಳುತ್ತದೆ. 1993ರಲ್ಲಿ ಇದು ಖಚಿತವಾಯಿತು, ಔಷಧಿ ಕಂಪನಿಗಳು ಜಿಎಲ್‌ಪಿ-1ರ ಬೆನ್ನು ಹತ್ತಿದವು. ನನಗೆ ಇದಕ್ಕಿಂತ ಮುಖ್ಯ ಎನಿಸುವುದು 2009ರ ಒಂದು ಡೇನಿಷ್ ಅಧ್ಯಯನ. ರೋಗಿಗಳ ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು ನಾಲ್ಕು ವಾರ ಹತೋಟಿಯಲ್ಲಿಟ್ಟರು. ಆಮೇಲೆ ನೋಡಿದರೆ ಎರಡು ಹಾರ್ಮೋನುಗಳಿಗೂ ಬೀಟಾ ಕೋಶ ಕೊಡುವ ಉತ್ತರ ಸುಧಾರಿಸಿತ್ತು. ಕಿವುಡು ಪೂರ್ತಿ ಶಾಶ್ವತವಲ್ಲ ಎಂದಾಯಿತು. "ಇನ್ಸುಲಿನ್ ಒಮ್ಮೆ ಶುರು ಮಾಡಿದರೆ ಜೀವಮಾನವಿಡೀ ಬಿಡುವ ಹಾಗಿಲ್ಲ" ಎಂದು ಹೆದರಿ ಕೂರುವವರು ಇದನ್ನು ಮನಸ್ಸಿನಲ್ಲಿಡಬೇಕು. ಟೈಪ್ 2ರಲ್ಲಿ ಸಕ್ಕರೆ ಬಹಳ ಏರಿದಾಗ ಕೆಲವು ವಾರ ಇನ್ಸುಲಿನ್ ಕೊಟ್ಟು, ಆಮೇಲೆ ಮಾತ್ರೆಗೆ ಮರಳುವುದು ಎಷ್ಟೋ ಜನರಲ್ಲಿ ಸಾಧ್ಯ.

ಒಂದೆರಡು ನಿಮಿಷ ಬದುಕುವ ಹಾರ್ಮೋನನ್ನು ಔಷಧಿ ಮಾಡುವುದು ಹೇಗೆ? ಎರಡು ದಾರಿ. ಕತ್ತರಿಸುವ ಕಿಣ್ವವನ್ನು ತಡೆಯುವುದು ಒಂದು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಹೀಗೆ ಹೆಸರಿನ ಕೊನೆಯಲ್ಲಿ ಗ್ಲಿಪ್ಟಿನ್ ಇರುವುದೆಲ್ಲ ಇದೇ ಬಗೆ. ನಿಮ್ಮ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಜೊತೆ ಸೇರಿಸಿ ಬರೆದಿರುತ್ತಾರೆ. ಸಿಟಾಗ್ಲಿಪ್ಟಿನ್ನಿನ ಪೇಟೆಂಟ್ 2022ರಲ್ಲಿ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಕತ್ತರಿಗೆ ಸಿಗದ ಹಾರ್ಮೋನನ್ನೇ ಕೊಡುವುದು ಇನ್ನೊಂದು ದಾರಿ. ಅಂಥದ್ದು ಮೊದಲು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯಲ್ಲಿ. ಉಡದ ಹಾಗೆ ದಪ್ಪಗಿರುತ್ತದೆ. ಹುಡುಕಿದವರು ಜಾನ್ ಎಂಗ್, ಯಾಲೊ ಅವರ ಅದೇ ಬ್ರಾಂಕ್ಸ್ ಆಸ್ಪತ್ರೆಯವರು. 1992ರಲ್ಲಿ ಬರೆದರು, 2005ರಲ್ಲಿ ಅದು ಎಕ್ಸೆನಟೈಡ್ ಎಂಬ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆಮೇಲಿನವು ಮಾನವನ ಜಿಎಲ್‌ಪಿ-1ಗೇ ಕೊಬ್ಬಿನ ಬಾಲ ಅಂಟಿಸಿ ಮಾಡಿದವು. ಆ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಜೋತುಬಿದ್ದು ಬಹಳ ಹೊತ್ತು ಉಳಿಯುತ್ತದೆ. ಲಿರಾಗ್ಲುಟೈಡ್ ದಿನಕ್ಕೊಂದು ಚುಚ್ಚು, ಸೆಮಾಗ್ಲುಟೈಡ್ ವಾರಕ್ಕೊಂದು. ಜಿಐಪಿ, ಜಿಎಲ್‌ಪಿ-1 ಎರಡರ ಕೆಲಸವನ್ನೂ ಒಂದೇ ಅಣು ಮಾಡುವ ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚಿನಲ್ಲಿ.

ಇವುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಔಷಧಿ ಒಳ್ಳೆಯದು, ಅದರ ಸುತ್ತಲಿನ ಸಡಗರ ಒಳ್ಳೆಯದಲ್ಲ. ಮದುವೆಗೆ ಮುಂಚೆ ನಾಲ್ಕು ಕೆಜಿ ಇಳಿಸಲು ಇದನ್ನು ಚುಚ್ಚಿಕೊಳ್ಳುವವರಿಗೆ ನಾನು ಬೇಡ ಎನ್ನುತ್ತೇನೆ. ವಾಕರಿಕೆ, ವಾಂತಿ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಆಗಬಹುದು. ತೂಕದ ಜೊತೆ ಮಾಂಸಖಂಡವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಒಂದು ವರ್ಷದೊಳಗೆ ಮರಳಿತು ಎಂದು ದೊಡ್ಡ ಅಧ್ಯಯನವೊಂದರ ಮುಂದುವರಿದ ಭಾಗ ತೋರಿಸಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಅತಿ ಬೊಜ್ಜು ಇದ್ದವರ ಮಾತು ಬೇರೆ. ಅವರಿಗೆ ಇದು ದೊಡ್ಡ ಆಸರೆ.

ಊಟದ ವಿಷಯಕ್ಕೆ ಬರುತ್ತೇನೆ, ನೀವು ಕಾಯುತ್ತಿರುವುದು ಅದಕ್ಕೇ. ಎಲ್ ಕೋಶಗಳು ಸಕ್ಕರೆಗಷ್ಟೇ ಅಲ್ಲ, ಪ್ರೋಟೀನಿಗೂ ಕೊಬ್ಬಿಗೂ ಮಿಡಿಯುತ್ತವೆ. ಅದೇ ಊಟವನ್ನು, ತರಕಾರಿ ಮತ್ತು ಪ್ರೋಟೀನು ಮೊದಲು, ಹಿಟ್ಟಿನ ಅಂಶ ಕೊನೆಗೆ ಎಂದು ತಿಂದಾಗ ಊಟದ ನಂತರದ ಸಕ್ಕರೆ ಕಡಿಮೆ ಏರಿದ್ದನ್ನು ಅಮೆರಿಕ, ಜಪಾನ್ ಎರಡೂ ಕಡೆ ನೋಡಿದ್ದಾರೆ. ಜಪಾನಿನವರು ಅನ್ನಕ್ಕೆ ಮುಂಚೆ ಮೀನು ತಿನ್ನಿಸಿ ನೋಡಿದಾಗ ಜಿಎಲ್‌ಪಿ-1 ಹೆಚ್ಚಿತ್ತು, ಜಠರ ನಿಧಾನವಾಗಿ ಖಾಲಿಯಾಗಿತ್ತು. ನಮ್ಮ ಮನೆಗಳಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಮೊದಲು ಒಂದು ಬಟ್ಟಲು ಪಲ್ಯ, ಮೊಳಕೆ ಹುರುಳಿಯ ಉಸಲಿ ಅಥವಾ ಮೊಟ್ಟೆ, ಮೀನು ತಿನ್ನಿ. ಕಡುಬು, ಅಕ್ಕಿ ರೊಟ್ಟಿ, ಮುದ್ದೆ, ಅನ್ನ ಆಮೇಲೆ ಬರಲಿ, ಅದೂ ಅಳತೆಯಲ್ಲಿ. ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ಲ, ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎಂದು ಯಾರೋ ಈಗಲೇ ಹೇಳಲು ಹೊರಟಿರುವುದು ಕಾಣುತ್ತಿದೆ. ಅದೇ ಎಲೆಯ ತುದಿಗೆ ಪಾಯಸವೂ ಮೊದಲೇ ಬೀಳುತ್ತದೆ, ಸ್ವಾಮಿ.

ಪ್ರಶ್ನೆಗಳಲ್ಲಿ ಮೊದಲನೆಯದು ಬೆಲ್ಲದ ಕಾಫಿಯದು. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ಆಗಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಕರುಳಿಗೆ ಅವೆರಡರಲ್ಲಿ ಭೇದ ಗೊತ್ತಾಗುವುದಿಲ್ಲ. ಕಾಫಿ ಬೇಕಾದರೆ ಕುಡಿಯಿರಿ, ಸಿಹಿ ಬಿಡಿ ಎಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಇಂಜೆಕ್ಷನ್ನಿನಲ್ಲಿ ಹಲ್ಲಿಯ ವಿಷ ಇದೆಯಂತೆ, ನಿಜವೇ ಎಂದು ಕಾಲೇಜಿನ ಹುಡುಗನೊಬ್ಬ ಕೇಳಿದ. ಎಕ್ಸೆನಟೈಡನ್ನೂ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ, ಹಲ್ಲಿಯಿಂದ ಹಿಂಡುವುದಿಲ್ಲ. ಸೆಮಾಗ್ಲುಟೈಡಿಗೆ ಹಲ್ಲಿಯ ಸಂಬಂಧವೇ ಇಲ್ಲ.

ಬೊಜ್ಜಿಗೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರಿಗೆ ತೂಕ ಇಳಿಯುವ ಮೊದಲೇ ಶುಗರ್ ಇಳಿಯುವುದು ಹೇಗೆ ಎಂದು ನರ್ಸಿಂಗ್ ಓದುತ್ತಿರುವ ಹುಡುಗಿ ಕೇಳಿದ್ದು ಅಂದಿನ ಒಳ್ಳೆಯ ಪ್ರಶ್ನೆ. ಮೊದಲ ದಿನಗಳಲ್ಲಿ ಊಟವೇ ಕಡಿಮೆ, ಅದೊಂದು ಕಾರಣ. ಇನ್ನೊಂದು, ಗ್ಯಾಸ್ಟ್ರಿಕ್ ಬೈಪಾಸ್ ಆದ ಮೇಲೆ ಆಹಾರ ಬೇಗನೆ ಕರುಳಿನ ಕೆಳಭಾಗಕ್ಕೆ ಇಳಿದು ಎಲ್ ಕೋಶಗಳನ್ನು ಮುಟ್ಟುತ್ತದೆ. ಊಟದ ನಂತರದ ಜಿಎಲ್‌ಪಿ-1 ಮೊದಲಿಗಿಂತ ಹಲವು ಪಟ್ಟು ಏರುತ್ತದೆ.

ಕೊನೆಗೆ ತಾಯಿಯೊಬ್ಬರು ಎದ್ದು, ತಮ್ಮ ಮಗಳಿಗೆ ಟೈಪ್ 1 ಇದೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಈ ವಾರಕ್ಕೊಂದರ ಇಂಜೆಕ್ಷನ್ನಿಗೆ ಬದಲಾಯಿಸಬಹುದೇ ಎಂದರು. ಬೇಡ ತಾಯಿ, ಖಂಡಿತ ಬೇಡ. ಈ ಔಷಧಿಗಳು ಬೀಟಾ ಕೋಶವನ್ನು ಎಬ್ಬಿಸುತ್ತವೆ. ಟೈಪ್ 1ರಲ್ಲಿ ಆ ಕೋಶಗಳೇ ಬಹುಪಾಲು ನಾಶವಾಗಿರುತ್ತವೆ, ಎಬ್ಬಿಸಲು ಅಲ್ಲಿ ಯಾರೂ ಇಲ್ಲ. ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿ ಜೀವಕ್ಕೇ ಅಪಾಯ. ಯಾರು ಏನೇ ಹೇಳಲಿ, ಮಗುವಿನ ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡಿ. ವಾಂತಿ ಜ್ವರ ಬಂದು ಊಟ ಸೇರದ ದಿನವೂ ಬೇಸಲ್ ಇನ್ಸುಲಿನ್, ಅಂದರೆ ಊಟಕ್ಕೆ ಸಂಬಂಧವಿಲ್ಲದೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್, ಬೇಕೇ ಬೇಕು. ಅಂಥ ದಿನ ಶುಗರ್ ಪದೇ ಪದೇ ನೋಡಿ, ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿಕೊಳ್ಳಿ.